ಬೂಟಿನ ಇನ್‌ಸ್ಪೆಕ್ಷನ್

“ದುಬಾರಾ!” ಅಂದ ಅಪ್ಪ.

ಸ್ನೇಹಾ ಹಲ್ಲು ಕಡಿದಳು. ದುಬಾರಾ ಅಂದರೆ ಇನ್ನೊಮ್ಮೆ. ಮತ್ತೆ ಬೂಟು ಬಿಚ್ಚಬೇಕು, ಮತ್ತೆ ಪಾಲಿಶ್ ಡಬ್ಬಿ ತೆಗೆಯಬೇಕು, ಮತ್ತೆ ಬ್ರಷ್ ಹಿಡಿದು ತಿಕ್ಕಬೇಕು.

“ಯಪ್ಪಾ, ಟೈಂ ಆತು! ಪ್ರೇಯರ್ ಶುರು ಆಗ್ತೈತಿ.”

“ಹಿಮ್ಮಡಿ ನೋಡು. ಮುಂದ ಅಷ್ಟ ಹೊಳದ್ರ ಸಾಕಾ?”

“ಹೊರಗ ಕಾಲಿಟ್ರ ಎಲ್ಲಾ ಕೆಂಪೇ ಆಗ್ತಾವ!”

ಅವಳು ಹೇಳಿದ್ದು ಸುಳ್ಳಲ್ಲ. ಗಾದಿಗನೂರಿನ ರಸ್ತೆಯಲ್ಲಿ ಹಗಲೂ ರಾತ್ರಿ ಕಬ್ಬಿಣದ ಅದಿರಿನ ಲಾರಿಗಳು, ಅವು ಎಬ್ಬಿಸುವ ಧೂಳು. ಬೇವಿನ ಎಲೆ ಕೆಂಪು, ಬಿಳಿ ಕೋಳಿ ಕೆಂಪು, ಒಗೆದು ಒಣಹಾಕಿದ ಬಟ್ಟೆಯೂ ಕೆಂಪು. ಇಂಥ ಊರಲ್ಲಿ ಕರಿ ಬೂಟಿಗೆ ಪಾಲಿಶ್ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇದು ಊರಿಗೆಲ್ಲ ಗೊತ್ತಿತ್ತು, ಅಪ್ಪನೊಬ್ಬನಿಗೆ ಗೊತ್ತಿರಲಿಲ್ಲ.

ಅಪ್ಪ ಹೊನ್ನೂರಪ್ಪ ಮಿಲಿಟರಿಯಲ್ಲಿದ್ದವನು. ಗಡಿಯಲ್ಲಿ ನೆಲದೊಳಗೆ ಹುಗಿದಿಟ್ಟಿದ್ದ ಬಾಂಬು ಸಿಡಿದು, ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಪುಣೆಯಲ್ಲಿ ಹೊಸ ಕಾಲು ಹಾಕಿಸಿಕೊಂಡು ಹೋದ ವರ್ಷ ಮನೆಗೆ ಬಂದಿದ್ದ. “ಬರೋವಾಗ ಟ್ರಂಕಿನ ಜೋಡಿ ಮಿಲಿಟರೀನೂ ಹೊತ್ಕೊಂಡು ಬಂದಾರ,” ಎಂದು ಅವ್ವ ತಾಯಕ್ಕ ಗೊಣಗುತ್ತಿದ್ದಳು. ಹಾಸಿಗೆ ಮಡಚಿದ್ದು ಸೊಟ್ಟಗಿದ್ದರೆ ದುಬಾರಾ. ನೀರಿನ ಕೊಡಗಳು ಒಂದೇ ಸಾಲಿನಲ್ಲಿರದಿದ್ದರೆ ದುಬಾರಾ. ಹಿಂದಿನಿಂದ ಯಾರಾದರೂ ಬಂದು ಮುಟ್ಟಿದರೆ ಬೆಚ್ಚಿಬಿದ್ದು ಕೂಗಾಡುವುದು, ಆಮೇಲೆ ಬಹಳ ಹೊತ್ತು ಸಪ್ಪಗೆ ಕೂರುವುದು. ಅಪ್ಪ ಬಂದರೆ ಮಜಾ ಎಂದುಕೊಂಡಿದ್ದ ಸ್ನೇಹಾಳಿಗೆ ಸಾಕುಸಾಕಾಗಿತ್ತು.

ಅವತ್ತು ಶಾಲೆ ಮುಟ್ಟುವಷ್ಟರಲ್ಲಿ ಪ್ರೇಯರ್ ಮುಗಿದಿತ್ತು. ಶಾಂತಾ ಮಿಸ್ ಅವಳನ್ನು ಬಾಗಿಲ ಹೊರಗೇ ನಿಲ್ಲಿಸಿದರು.

“ಮತ್ತ ಲೇಟಾ? ಸೋಮವಾರ ಮುಂಜಾನೆ ಸಂಡೂರಿನ ಮ್ಯಾಚಿಗೆ ಖೋ ಖೋ ಟೀಮ್ ಆರಸ್ತೀನಿ. ಅವತ್ತೂ ಲೇಟಾಗಿ ಬಂದ್ರ ನಿನ್ನ ಹೆಸರು ಮರತುಬಿಡು.”

ಸ್ನೇಹಾ ಕೆಳಗೆ ನೋಡಿದಳು. ಎರಡು ಸಲ ತಿಕ್ಕಿದ ಬೂಟು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಖೋ ಖೋದಲ್ಲಿ ಅವಳನ್ನು ಹಿಡಿಯುವವರು ಇಡೀ ಶಾಲೆಯಲ್ಲಿ ಯಾರೂ ಇರಲಿಲ್ಲ. ಆದರೆ ಮನೆಯ ಬಾಗಿಲಲ್ಲೇ ಅಪ್ಪ ಹಿಡಿದು ಕೂರಿಸುತ್ತಿದ್ದ.

ಸಂಜೆ ಮನೆಗೆ ಬಂದರೆ ಅಲ್ಲಿ ಬೇರೆಯೇ ರಾಮಾಯಣ. ಅಪ್ಪ ಊರಾಚೆಯ ಅದಿರು ಯಾರ್ಡಿನಲ್ಲಿ ವಾಚ್‌ಮನ್ ಆಗಿದ್ದ. ಕತ್ತಲಾದ ಮೇಲೆ ಬರುವವನು ಅವತ್ತು ಮಧ್ಯಾಹ್ನವೇ ಬಂದು ಮಲಗಿದ್ದ. ಪಕ್ಕದ ಮನೆಯ ಲಾರಿ ಡ್ರೈವರ್ ಉಚ್ಚೆಂಗಪ್ಪ ಅಂಗಳದಲ್ಲಿ ನಿಂತು ಅವ್ವನಿಗೆ ವರದಿ ಒಪ್ಪಿಸುತ್ತಿದ್ದ.

“ಓವರ್‌ಲೋಡ್ ಗಾಡಿ ಬಿಡೂದಿಲ್ಲ ಅಂತ ಗೇಟ್ ಹಾಕ್ಕೊಂಡು ನಿಂತುಬಿಟ್ಟ ತಾಯಕ್ಕಾ! ರೋಡಿನ ತುಂಬ ಲಾರಿ ಕ್ಯೂ. ಓನರ್ ಬಂದು ಕೇಳಿದ್ರ, ‘ಓವರ್‌ಲೋಡ್ ಬಿಡಬಾರ್ದು ಅಂತ ಬೋರ್ಡ್ ಬರಸಿದೋರು ನೀವ ಅಲ್ಲೇನ್ರಿ?’ ಅಂತಾನ. ಬೋರ್ಡ್ ಇರೋದು ಗ್ವಾಡಿಗೆ ತೂಗುಹಾಕಾಕ, ಅದನ್ನ ಪಾಲ್ಸಾಕೇನು?”

“ಆಮ್ಯಾಲೆ?” ಎಂದಳು ಅವ್ವ.

“‘ಇದು ನಿನ್ನ ಮಿಲಿಟರಿ ಅಲ್ಲಪಾ, ಮನಿಗೆ ನಡಿ’ ಅಂದ್ರು. ಅಷ್ಟ.”

ಅವ್ವ ಹಣೆ ಹಣೆ ಬಡಿದುಕೊಂಡಳು. ಸ್ನೇಹಾಳಿಗೂ ರೇಗಿತು. ಒಂದು ಗೇಟು ತೆಗೆಯಲು ಆಗಲಿಲ್ಲವೇ ಈ ಅಪ್ಪನಿಗೆ!

ಮರುದಿನ ಬೆಳಿಗ್ಗೆ ದುಬಾರಾ ಕೇಳಿಸಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿದ್ದ. ಅವನ ಪುಣೆ ಕಾಲು ಬೂಟಿನ ಸಮೇತ ಮೂಲೆಗೆ ಒರಗಿತ್ತು. ಸ್ನೇಹಾ ಕೊಳೆ ಬೂಟನ್ನೇ ಹಾಕಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಜಾರಿದಳು. ಪ್ರೇಯರಿಗಿಂತ ಮುಂಚೆಯೇ ಶಾಲೆ ಮುಟ್ಟಿದಳು. “ಇವತ್ತು ಸೂರ್ಯ ಯಾವ ಕಡಿ ಹುಟ್ಟ್ಯಾನವಾ?” ಎಂದರು ಶಾಂತಾ ಮಿಸ್. ಸ್ನೇಹಾಳಿಗೆ ಖುಷಿಯೋ ಖುಷಿ.

ಅದರ ಮರುದಿನವೂ ಇನ್‌ಸ್ಪೆಕ್ಷನ್ ಇರಲಿಲ್ಲ. ಆಮೇಲೂ ಇರಲಿಲ್ಲ. ಅಪ್ಪ ಗಡ್ಡ ಬೋಳಿಸಿಕೊಳ್ಳಲಿಲ್ಲ, ತಟ್ಟೆಯಲ್ಲಿ ಇಟ್ಟ ರೊಟ್ಟಿ ಹಾಗೇ ಒಣಗಿತು. ಒಂದು ಸಂಜೆ ಅವ್ವ ನೀರಿನ ಕೊಡಗಳನ್ನು ತಾನಾಗಿಯೇ ಸಾಲಾಗಿ ಜೋಡಿಸಿ, ಮಂಚದ ಕಡೆ ನೋಡಿದಳು. ಅಪ್ಪ ತಿರುಗಲೇ ಇಲ್ಲ.

“ಬಳ್ಳಾರಿಗೆ ಹೋಗೂಣ್ರಿ,” ಎಂದಳು ಅವ್ವ. “ಮನಸ್ಸಿಗೂ ಡಾಕ್ಟರ್ ಇರ್ತಾರಂತ.”

“ನನಗೇನು ಹುಚ್ಚು ಹಿಡದೈತಾ?”

“ಹುಚ್ಚು ಅಂತ ಯಾರಂದ್ರು? ಕಾಲಿಗೆ ಪೆಟ್ಟಾದಾಗ ದವಾಖಾನಿಗೆ ಹೋಗಿದ್ದಿಲ್ಲೇನು?”

ಅಪ್ಪ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಅಪ್ಪ ಕೂಗಾಡಿದ್ದರೂ ಒಳ್ಳೆಯದಿತ್ತು ಎಂದು ಸ್ನೇಹಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಸೋಮವಾರ ಬಂತು. ಸ್ನೇಹಾ ಜಡೆ ಹಾಕಿಸಿಕೊಂಡು, ಬೇಗ ಬೇಗ ತಿಂಡಿ ತಿಂದು ಮುಗಿಸಿದಳು. ಗೆಳತಿ ಕಾವ್ಯ ಆಗಲೇ ಅಂಗಳದಲ್ಲಿ ನಿಂತು, “ಜಲ್ದಿ ಬಾರಲೇ!” ಎಂದು ಕರೆಯುತ್ತಿದ್ದಳು. ಸ್ನೇಹಾ ಮೂಲೆಯಲ್ಲಿದ್ದ ಸ್ಕೂಲ್ ಬ್ಯಾಗಿಗೆ ಕೈ ಹಾಕಿದಳು.

ಬ್ಯಾಗಿನ ಪಕ್ಕದಲ್ಲೇ ಅಪ್ಪನ ಕಾಲು ಇತ್ತು. ಅದರ ಬೂಟು ಕೆಂಪಗಾಗಿತ್ತು.

ಸ್ನೇಹಾ ಬಗ್ಗಿ ನೋಡಿದಳು. ಮುಂಭಾಗ, ಲೇಸು, ಹಿಮ್ಮಡಿ, ಎಲ್ಲದರ ಮೇಲೂ ಧೂಳು ಕೂತಿತ್ತು. ಅಪ್ಪನ ಬೂಟನ್ನು ಅವಳು ಹೀಗೆ ಯಾವತ್ತೂ ನೋಡಿರಲಿಲ್ಲ. ಯಾರ್ಡಿನಿಂದ ಬಂದಾಗಲೆಲ್ಲ ಅಪ್ಪ ಹೊಸ್ತಿಲಲ್ಲೇ ಕೂತು ಒರೆಸಿಯೇ ಒಳಗೆ ಬರುತ್ತಿದ್ದ.

“ಥೂ, ಇವತ್ತ ಕಣ್ಣಿಗೆ ಬೀಳಬೇಕಿತ್ತಾ ಇದು!” ಎಂದು ಗೊಣಗುತ್ತಾ ಬ್ಯಾಗ್ ಕೆಳಗಿಟ್ಟಳು. ಪಾಲಿಶ್ ಡಬ್ಬಿ ತಂದು ನೆಲದ ಮೇಲೆ ಕೂತಳು. ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೂಟು ಉಜ್ಜಿದಳು. ಅದು ಅವಳು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಮಂಚದ ಕೆಳಗಿದ್ದ ಅಪ್ಪನ ಇನ್ನೊಂದು ಬೂಟನ್ನೂ ಎಳೆದು ಉಜ್ಜಿದಳು. ಆಮೇಲೆ ತನ್ನವನ್ನು.

ಮಂಚದ ಪಕ್ಕದಲ್ಲಿ ಅಪ್ಪನ ಕಾಲನ್ನು ಒರಗಿಸಿ, ಇನ್ನೊಂದು ಬೂಟನ್ನು ಅದರ ಜೊತೆಗಿಟ್ಟು, ಅದೇ ಸಾಲಿನಲ್ಲಿ ತಾನೂ ನೆಟ್ಟಗೆ ನಿಂತಳು.

“ಯಪ್ಪಾ, ಇನ್‌ಸ್ಪೆಕ್ಷನ್!”

ಅಪ್ಪ ಅಲುಗಾಡಲಿಲ್ಲ.

“ಏಳಬ್ಯಾಡ. ನೋಡಿದ್ರ ಸಾಕು.”

ರಸ್ತೆಯಲ್ಲಿ ಲಾರಿಗಳು ಹೋದವು. ಅಡಿಗೆ ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಮಂಚ ಕಿರುಗುಟ್ಟಿತು. ಅಪ್ಪ ಈ ಕಡೆ ಹೊರಳಿದ. ಕಣ್ಣು ಕೆಂಪಗಿದ್ದವು. ಅವಳ ಬೂಟು ನೋಡಿದ. ತನ್ನ ಬೂಟನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ.

“ಹಿಮ್ಮಡಿ...” ಅಂದ. “ಹಿಮ್ಮಡಿ ಹೊಳದಿಲ್ಲ.”

“ಯಾರದು? ನಂದಾ, ನಿಂದಾ?”

“ನಂದು.” ಅಪ್ಪ ಒಂದು ಕೈಯೂರಿ ಅರ್ಧ ಎದ್ದ. “ದುಬಾರಾ.”

ಸ್ನೇಹಾ ಮರುಮಾತಾಡದೆ ಕೂತು ಅಪ್ಪನ ಕಾಲನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಅಷ್ಟರಲ್ಲಿ ದೂರದಲ್ಲಿ ಶಾಲೆಯ ಬೆಲ್ ಹೊಡೆಯಿತು.

“ಸ್ನೇಹಾ, ಬೆಲ್ ಆತಲೇ! ಟೀಮಿನಾಗಿಂದ ಹೆಸರು ಹೋಗ್ತೈತಿ!” ಎಂದು ಕಾವ್ಯ ಹೊರಗಿನಿಂದ ಕಿರುಚಿದಳು.

ಸ್ನೇಹಾಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬ್ರಷ್ಷನ್ನು ಪಾಲಿಶ್ ಡಬ್ಬಿಯಲ್ಲಿ ಅದ್ದಿದಳು.

“ನೀ ಹೋಗಲೇ ಕಾವ್ಯಾ,” ಎಂದು ಕೂಗಿದಳು. “ನಮ್ದಿನ್ನಾ ಇನ್‌ಸ್ಪೆಕ್ಷನ್ ಮುಗದಿಲ್ಲ.”