ಟೊರೊಂಟೊದಿಂದ ಬರುವವಳು

ಬೆಳಿಗ್ಗೆ 9.20ಕ್ಕೆ ಇಬ್ಬರು ಒಟ್ಟಿಗೆ ಠಾಣೆಗೆ ಬಂದರು. ಒಬ್ಬ ಆಂಬುಲೆನ್ಸ್ ಚಾಲಕ ಕಜೆಟನ್. ಇನ್ನೊಬ್ಬರು ಬಂದರ್‌ನ ಒಣಮೀನು ವ್ಯಾಪಾರಿ ರವೂಫ್. ಅತ್ತಾವರದ ಆಸ್ಪತ್ರೆಯೊಂದರ ಮುಂದೆ ನಿಲ್ಲಿಸಿದ್ದ ಆಂಬುಲೆನ್ಸ್ ಕಾಣೆಯಾಗಿತ್ತು. ಅದರೊಳಗೆ ಶೀತಪೆಟ್ಟಿಗೆಯಲ್ಲಿ ರವೂಫರ ತಾಯಿ ಝೈನಬ್ ಇದ್ದರು. ನಸುಕಿನಲ್ಲಿ ತೀರಿಕೊಂಡಿದ್ದರು.

"ಕೀ ಎಲ್ಲಿತ್ತು?" ಇನ್‌ಸ್ಪೆಕ್ಟರ್ ಚಿತ್ತರಂಜನ ಕೇಳಿದರು.

"ಗಾಡಿಯಲ್ಲೇ ಸರ್," ಎಂದ ಕಜೆಟನ್. "ಇಂಜಿನ್ ನಿಂತ್ರೆ ಪೆಟ್ಟಿಗೆ ಬಂದ್ ಆಗ್ತದಲ್ಲ. ಆಸ್ಪತ್ರೆಯ ಕಾಗದಕ್ಕೆ ಇವರ ಸೈನ್ ಹಾಕಿಸ್ಲಿಕ್ಕೆ ಒಳಗೆ ಹೋದೆ."

"ಹತ್ತಿರ ಯಾರಿದ್ದರು?"

"ನನ್ನ ತಮ್ಮ ಆಶಿಕ್ ಇದ್ದ," ಎಂದರು ರವೂಫ್. "ಅವ ಆಗಲೇ ಏರ್‌ಪೋರ್ಟಿಗೆ ಹೊರಟ. ತಂಗಿ ನಜ್ಲಾ ಟೊರೊಂಟೊದಿಂದ ಬರ್ತಾಳೆ. ಬೆಳಿಗ್ಗೆ ವಿಮಾನ ಹತ್ತಿದ್ದಾಳೆ. ಮಧ್ಯಾಹ್ನದ ನಮಾಜಿಗೆ ಮುಂಚೆ ತಲುಪ್ತಾಳೆ. ನಮಾಜು ಮುಗಿಸಿ ದಫನ. ಬೇಗ ನೋಡಿ ಸರ್, ಮಯ್ಯತ್ ಹೂಳದೆ ಕಾಯಿಸುವ ಹಾಗಿಲ್ಲ."

ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಸುಪ್ರೀತಾ ತಲೆಯೆತ್ತಿದಳು. "ಟೊರೊಂಟೊದಿಂದ ಮಧ್ಯಾಹ್ನಕ್ಕಾ?"

"ದುಬೈಯಿಂದ ನಾಲ್ಕು ಗಂಟೆ ಅಲ್ವಾ ಮೇಡಂ? ಅಲ್ಲಿಂದಾದ್ರೆ ಒಂದೆರಡು ಹೆಚ್ಚಾದೀತು."

ರವೂಫರ ಮನೆಯವರು ಮೂರು ತಲೆಮಾರಿನಿಂದ ಗಲ್ಫಿಗೆ ಹೋಗಿ ಬರುತ್ತಿದ್ದರು. ಪರದೇಶವೆಂದರೆ ಅವರಿಗೆ ನಾಲ್ಕು ಗಂಟೆ.

ಸುಪ್ರೀತಾ ಮೊಬೈಲ್ ನೋಡಿದಳು. "ಹದಿಮೂರು ಸಾವಿರ ಕಿಲೋಮೀಟರ್ ಉಂಟು. ದುಬೈವರೆಗೇ ಹದಿಮೂರು ಗಂಟೆ. ಅಲ್ಲಿ ಬೇರೆ ವಿಮಾನ ಹಿಡೀಬೇಕು. ಇಲ್ಲಿಗೆ ಬರುವುದು ನಾಳೆ ಬೆಳಿಗ್ಗೆ."

"ಹಾಗಾದರೆ ನಿಮ್ಮ ತಮ್ಮ ಈಗಲೇ ಏರ್‌ಪೋರ್ಟಿಗೆ ಎಂತಕ್ಕೆ ಹೋದ?" ಚಿತ್ತರಂಜನ ಕೇಳಿದರು.

ರವೂಫ್ ಮೊಬೈಲ್ ತೆಗೆದು ತಮ್ಮನಿಗೆ ಕರೆ ಮಾಡಿದರು.

ಆಶಿಕ್ ಕರೆ ಎತ್ತುತ್ತಿರಲಿಲ್ಲ. ಆದರೆ ಅವನ ಮೊಬೈಲ್ ಕುಲಶೇಖರ ಬಡಾವಣೆಯ ಟವರ್ ತೋರಿಸಿತು. ನಜ್ಲಾಳ ಬೀಗ ಹಾಕಿದ ಮನೆ ಅಲ್ಲಿತ್ತು. 11.40ಕ್ಕೆ ಪೊಲೀಸರು ರವೂಫರೊಂದಿಗೆ ಅಲ್ಲಿಗೆ ತಲುಪಿದರು. ಆಂಬುಲೆನ್ಸ್ ಪೋರ್ಟಿಕೋದಲ್ಲಿತ್ತು. ಮನೆಯ ಕಿಟಕಿಯಿಂದ ವಯರು ಎಳೆದು ಪೆಟ್ಟಿಗೆಗೆ ಕರೆಂಟು ಕೊಡಲಾಗಿತ್ತು. ಆಶಿಕ್ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಓಡಲಿಲ್ಲ.

"ಅವಳ ಟಿಕೆಟು ಆಸ್ಪತ್ರೆಯ ಹೊರಗೆ ನಿಂತು ನೋಡಿದೆ ಸರ್. ಆಗಲೇ ಗೊತ್ತಾದದ್ದು, ನಾಳೆ ಅಂತ."

"ಅಣ್ಣನಿಗೆ ಹೇಳಬಹುದಿತ್ತಲ್ಲ ಮಾರಾಯ," ಎಂದರು ಚಿತ್ತರಂಜನ.

"ಬಾಪ ತೀರಿದಾಗ ನಾನು ಗಲ್ಫಲ್ಲಿ, ದಮ್ಮಾಮಲ್ಲಿದ್ದೆ. ನಾಲ್ಕೇ ಗಂಟೆಯ ದಾರಿ. ರಜೆ ಸಿಕ್ಕಿದ್ದು ಮರುದಿನ. ಅಣ್ಣ ಕಾಯಲಿಲ್ಲ. ಇವತ್ತು ಎಂತ ಹೇಳ್ತಾನೆ ಅಂತ ಕೇಳ್ಬೇಕಾ?" ಪೆಟ್ಟಿಗೆಗೆ ಬಂದ ವಯರು ಸರಿಯಿದೆಯಾ ಎಂದು ಮುಟ್ಟಿ ನೋಡಿದ. "ಉಮ್ಮನ ಮುಖ ತೋರಿಸ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ. ಈಗ ಅವಳು ಆಕಾಶದಲ್ಲಿದ್ದಾಳೆ. ಇಲ್ಲ ಅಂತ ಹೇಳ್ಲಿಕ್ಕೂ ಆಗುವುದಿಲ್ಲ."

ಗೇಟಿನ ಬಳಿ ನಿಂತಿದ್ದ ರವೂಫ್ ಅವನ ಕಡೆ ನೋಡಲಿಲ್ಲ. "ಉಮ್ಮನನ್ನು ಸಂಜೆಯ ನಮಾಜಿಗಾದರೂ ಕೊಡಿ ಸರ್," ಎಂದರು.

ಚಿತ್ತರಂಜನ ಪಂಚನಾಮೆಗೆ ಕುಳಿತರು. ಎಷ್ಟು ಎಳೆದರೂ ಅದನ್ನು ಸಂಜೆಯವರೆಗೆ ಎಳೆಯಬಹುದಿತ್ತು, ನಾಳೆಯವರೆಗೆ ಅಲ್ಲ. ಆದರೂ ನಿಧಾನವಾಗಿಯೇ ಬರೆಸಿದರು.

3.10ಕ್ಕೆ ತಾಯಿಯ ದೇಹವನ್ನು ರವೂಫರಿಗೆ ಒಪ್ಪಿಸಿ ಆಶಿಕ್‌ನನ್ನು ಬಂಧಿಸಲಾಯಿತು. ಸುಪ್ರೀತಾ ಅವನ ಮೊಬೈಲನ್ನು ಜಪ್ತಿಯ ಕವರಿಗೆ ಹಾಕಿದಳು.

"ಮೇಡಂ, ರಾತ್ರಿ ಅವಳು ದುಬೈಯಲ್ಲಿ ಇಳೀತಾಳೆ. ಮೊದಲ ಕಾಲ್ ಆ ಮೊಬೈಲಿಗೇ ಬರುವುದು," ಎಂದ ಆಶಿಕ್.

ರವೂಫ್ ಆಗ ತಮ್ಮನ ಮುಖ ನೋಡಿದರು.

"ನಾನೇ ಕಾಲ್ ಮಾಡ್ತೇನೆ ಅವಳಿಗೆ," ಎಂದರು. "ಎಂತ ಹೇಳುವುದು?"

ಆಶಿಕ್ ಜೀಪು ಹತ್ತಿದ.