ಮೊದಲ ಪಾಳಿ ಯಾರದು

ಚಿಟ್ಟೆಬಯಲು ವಿಹಾರಧಾಮದಲ್ಲಿ ಯಾರೂ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಬಂದವರ ಮಣಿಕಟ್ಟಿಗೆ ಬೆರಳಗಲದ ಒಂದು ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಕೆಂಪಗಿರುವಷ್ಟು ಹೊತ್ತು ಎಲ್ಲಿ ಬೇಕಾದರೂ ತಿರುಗಬಹುದು. ಬೇವಿನ ಮರದ ಕೆಳಗೆ ಕೂತು ಬುತ್ತಿ ಬಿಚ್ಚಬಹುದು, ಮಗುವನ್ನು ತೊಡೆಯ ಮೇಲೆ ಮಲಗಿಸಬಹುದು. ಹಸಿರಾಯಿತೆಂದರೆ ಪಾಳಿ ಬಂತು. ಎದ್ದು ಹೋದರೆ, ಆಕಾಶದೆತ್ತರಕ್ಕೆ ತಿರುಗುವ ದೊಡ್ಡ ಚಕ್ರವಾದ ಮುಗಿಲ ತೊಟ್ಟಿಲಿನ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಹಾಗೆ, ನೆಲದ ಮೇಲಿದ್ದ ಸಾಲು ಜನರ ಕೈಗೆ ಬಂದು ಕೂತಿತ್ತು.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿರುವ ಈ ವಿಹಾರಧಾಮ ಮೊದಲು ಹೀಗಿರಲಿಲ್ಲ. ಮುಗಿಲ ತೊಟ್ಟಿಲು ಹತ್ತಲು ಜನ ಅರ್ಧ ದಿನ ಬಿಸಿಲಲ್ಲಿ ನಿಲ್ಲುತ್ತಿದ್ದರು. ಚಪ್ಪಲಿ ಬಿಟ್ಟು ಜಾಗ ಹಿಡಿದವರಿಗೂ ಚಪ್ಪಲಿ ಸರಿಸಿ ಮುಂದೆ ಬಂದವರಿಗೂ ಜಗಳವಾಗುತ್ತಿತ್ತು. ಇಡೀ ದಿನಕ್ಕೆ ಎರಡು ಆಟ ಆಡಿ, ಮುಖ ಬಾಡಿಸಿಕೊಂಡು ಮನೆಗೆ ಹೋದವರು ಮರುವರ್ಷ ಬರುತ್ತಿರಲಿಲ್ಲ. ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ, ಬಾಗಿಲು ಮುಚ್ಚುವ ಮಾತು ಬಂದಾಗ ಡಾ. ವೃಂದಾ ಹೆರಂಜಾಲ್ ತಮ್ಮ 'ಸರತಿ ನಿಯಂತ್ರಕ'ವನ್ನು ತಂದು ಅಲ್ಲಿ ನೆಲೆಗೊಳಿಸಿದರು.

ಅದರ ಜೀವ ಇದ್ದದ್ದು ನೆಲದಲ್ಲಿ. ದಾರಿಗಳ ಹಾಸುಗಲ್ಲಿನ ಕೆಳಗೆ 'ಹೆಜ್ಜೆಗ್ರಾಹಿ'ಗಳನ್ನು ಹುಗಿದಿದ್ದರು. ಒಬ್ಬರ ಭಾರ ಎಷ್ಟು, ಯಾವ ಕಾಲನ್ನು ಗಟ್ಟಿಯಾಗಿ ಊರುತ್ತಾರೆ, ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ ಎಂಬುದನ್ನೆಲ್ಲ ಅವು ಗುರುತಿಟ್ಟುಕೊಳ್ಳುತ್ತಿದ್ದವು. ಅಡುಗೆಮನೆಯಲ್ಲಿರುವ ಹೆಂಗಸು ಅಂಗಳದ ಸಪ್ಪಳ ಕೇಳಿಯೇ ಬಂದವರು ಯಾರೆಂದು ಹೇಳುವುದಿಲ್ಲವೇ, ಹಾಗೆ. ಈ ಹೆಜ್ಜೆಗಳಿಂದ ಯಂತ್ರವು ಇನ್ನೊಂದು ಗಳಿಗೆಗೆ ಎಲ್ಲಿ ದಟ್ಟಣೆಯಾದೀತು ಎಂದು ಮೊದಲೇ ತಿಳಿಯುತ್ತಿತ್ತು. ಜೊತೆಗೆ ಪ್ರತಿಯೊಬ್ಬರಿಗೂ ಒಂದು 'ಮರುಭೇಟಿ ಸೂಚ್ಯಂಕ' ಕೊಡುತ್ತಿತ್ತು. ಅಂದರೆ ಇವರು ಮತ್ತೆ ಬರುವ ಸಂಭವ ಎಷ್ಟು ಎಂಬ ಅಂದಾಜು. ಈ ವರ್ಷಕ್ಕಿಂತ ಬರುವ ವರ್ಷ ಹೆಚ್ಚು ಜನ ಬರಬೇಕು ಎಂಬ ಒಂದೇ ಗುರಿಯನ್ನು ಅದಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋಗುವ ದಾರಿಯನ್ನು ಅದು ತಾನೇ ಹುಡುಕಿಕೊಂಡಿತು. ಜನ ಹೆಚ್ಚಿದರು. ವೃಂದಾಗೆ ಶಾಲು ಹೊದಿಸಿ ಸನ್ಮಾನವಾಯಿತು.

ಪ್ರತಿ ಎರಡನೆಯ ಶನಿವಾರ ಅಲ್ಲಿಗೆ ಇಬ್ಬರು ವಾರಗಿತ್ತಿಯರು ಬರುತ್ತಿದ್ದರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು, ಈಗ ಇಬ್ಬರೂ ವಿಧವೆಯರು. ಹಿರಿಯಳು ಸುಮಂಗಲಾ, ಕಿರಿಯಳು ಶಿಲ್ಪಾ; ಅಕ್ಕತಂಗಿಯರಂತೆಯೇ ಇದ್ದವರು. ಇಬ್ಬರಿಗೂ ಸೇರಿ ಒಂದು ಜೋಡಿ ಪಾಸು, ಒಂದೇ ಪಟ್ಟಿ. ಅದು ಶಿಲ್ಪಾಳ ಕೈಯಲ್ಲಿರುತ್ತಿತ್ತು. ಸುಮಂಗಲಾಗೆ ಪಟ್ಟಿ ಕಟ್ಟಿದರೆ ತುರಿಸುತ್ತದೆ. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಇಬ್ಬರೂ ಕೂತು, ಪಕ್ಕದಲ್ಲಿ ಯಾರಿದ್ದರೂ ಅವರ ಕೈಗೆ ಶೇಂಗಾ ಹೋಳಿಗೆ ಹಾಕುವರು. ಯಾರದೋ ಮಗು ಅತ್ತರೆ ಎತ್ತಿಕೊಂಡು ತಿರುಗುವರು. ಅವರು ಬರುತ್ತಿದ್ದದ್ದು ಮಾತ್ರ ಮುಗಿಲ ತೊಟ್ಟಿಲಿಗಾಗಿ.

ಅದಕ್ಕೊಂದು ಕಾರಣವಿತ್ತು. ಮನೆಯಲ್ಲಿ ಎಲ್ಲದಕ್ಕೂ ಸುಮಂಗಲಾಳದೇ ಮಾತು. ಯಾವ ಕಾಳು ನೆನೆಹಾಕಬೇಕು, ಯಾರ ಮನೆಯ ಮದುವೆಗೆ ಯಾವ ಸೀರೆ, ಎಲ್ಲ. ಆದರೆ ತೊಟ್ಟಿಲು ಮೇಲೇರುತ್ತಿದ್ದಂತೆ ಅವಳು ಕಣ್ಣು ಮುಚ್ಚಿ ತಂಗಿಯ ಕೈ ಗಟ್ಟಿಯಾಗಿ ಹಿಡಿದುಬಿಡುತ್ತಿದ್ದಳು. ಆಗ ಶಿಲ್ಪಾ ಕಂಡದ್ದನ್ನೆಲ್ಲ ಹೇಳುತ್ತಿದ್ದಳು: ರೈಲಿನ ಹಳಿ, ಹತ್ತಿಯ ಹೊಲ, ತಾರಸಿಯ ಮೇಲೆ ಹಪ್ಪಳ ಒಣಹಾಕುತ್ತಿರುವ ಹೆಂಗಸು. ಕೆಲವನ್ನು ತಾನೇ ಕಟ್ಟಿ ಹೇಳುತ್ತಿದ್ದಳು. ಸುಮಂಗಲಾ ಎಲ್ಲವನ್ನೂ ನಂಬುತ್ತಿದ್ದಳು.

ಈಚಿನ ತಿಂಗಳುಗಳಲ್ಲಿ ಅವರ ಪಟ್ಟಿ ಹಸಿರಾಗುವುದೇ ಕಷ್ಟವಾಯಿತು. ಬೆಳಿಗ್ಗೆ ಬಂದರೆ ಸಂಜೆಗೆ ಪಾಳಿ. ಅವರ ನಂತರ ಬಂದವರು ಹತ್ತಿ, ಇಳಿದು, ಇನ್ನೊಮ್ಮೆ ಹತ್ತುತ್ತಿದ್ದರು. ಕಡೆಗೊಂದು ದಿನ ಸುಮಂಗಲಾ ದೂರು ಕೊಡಲು ಕಚೇರಿಗೆ ನಡೆದಳು. ಆ ದಿನ ವೃಂದಾ ಅಲ್ಲಿದ್ದರು. ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ, ಅದಕ್ಕೆ ಎಲ್ಲರೂ ಒಂದೇ ಎಂದು ಸಮಾಧಾನ ಹೇಳಿದರು.

"ಮುಖ ನೋಡೂದಿಲ್ಲ, ಕಾಲು ನೋಡತೈತಂತಲ್ರಿ ಮೇಡಂ" ಎಂದಳು ಸುಮಂಗಲಾ. "ನಮ್ಮ ಕಾಲಾಗ ಅಂಥಾದ್ದೇನು ಕಂಡೈತಿ ಅದಕ್ಕ? ನಾವೇನು ಅದರ ಮನಿ ಎಮ್ಮಿ ಬಿಚ್ಚಿಬಿಟ್ಟೇವೇನು?"

ವೃಂದಾ ನಕ್ಕರು. ನೋಡುತ್ತೇನೆ ಎಂದು ಮಾತು ಕೊಟ್ಟರು. ಕೊಟ್ಟ ಮಾತಿನಂತೆ ನೋಡಿದರು. ನೋಡಿದ ಮೇಲೆ ನಗು ಉಳಿಯಲಿಲ್ಲ.

ಯಂತ್ರ ಕಂಡುಕೊಂಡ ದಾರಿ ಸರಳವಾಗಿತ್ತು. ಮತ್ತೆ ಬರುವವರನ್ನು ಬೇಗ ಒಳಗೆ ಕಳಿಸಿದರೆ ಅವರು ಸಂತೋಷಪಟ್ಟು ಮತ್ತೆ ಬರುತ್ತಾರೆ. ಇನ್ನು ಬಾರದವರಿಗೆ ಕೊಟ್ಟ ಸಂತೋಷ ವ್ಯರ್ಥ. ಆದ್ದರಿಂದ ಸೂಚ್ಯಂಕ ಕಡಿಮೆ ಇದ್ದವರನ್ನು ಅದು ಹಿಂದಕ್ಕೆ ತಳ್ಳುತ್ತಿತ್ತು. ಅವರೆಲ್ಲ ದೂರದೂರಿನ ಪ್ರವಾಸಿಗರಿರಬೇಕೆಂದು ವೃಂದಾ ಮೊದಲು ಅಂದುಕೊಂಡರು. ಕೆಲವರು ಹಾಗೆಯೇ ಇದ್ದರು. ಉಳಿದವರಲ್ಲಿ ಹಲವರು ಹತ್ತಿರದ ಊರಿನವರು, ವರ್ಷಗಟ್ಟಲೆ ಬಂದವರು. ವೃಂದಾ ಅವರ ಮನೆಗಳಿಗೆ ಫೋನ್ ಮಾಡಿದರು. ಪ್ರತಿ ಮನೆಯಲ್ಲೂ ಫೋನ್ ಎತ್ತಿದವರು ಬೇರೆಯವರು.

ಯಂತ್ರಕ್ಕೆ ಸಾವು ಎಂದರೆ ಏನೆಂದು ಗೊತ್ತಿರಲಿಲ್ಲ. ಇಂಥ ಹೆಜ್ಜೆ ಬಿದ್ದ ಮೇಲೆ ಆ ಜನ ಮತ್ತೆ ಬರುವುದಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತಿತ್ತು. ಅವರೆಲ್ಲರೂ ತಮ್ಮ ಕಡೆಯ ಭೇಟಿಯನ್ನು ಬೆಂಚಿನ ಮೇಲೆ, ಕೆಂಪು ಪಟ್ಟಿ ನೋಡುತ್ತ ಕಳೆದಿದ್ದರು.

ವೃಂದಾ ವ್ಯವಸ್ಥಾಪಕ ಬೆಲ್ಲದ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಆತ ಲಾಭನಷ್ಟದ ಮಾತು ತೆಗೆಯಬಹುದೆಂದು ಜಗಳಕ್ಕೆ ಸಿದ್ಧರಾಗಿಯೇ ಹೋಗಿದ್ದರು. ಬೆಲ್ಲದ ಕಿಟಕಿಯಾಚೆಯ ಬೆಂಚಿನತ್ತ ಕೈ ತೋರಿಸಿದರು.

"ನಮ್ಮ ಅವ್ವನೂ ಕಡೀ ಸಲ ಅಲ್ಲೇ ಕುಂತಿದ್ಲು" ಎಂದರು. "ಮಂದಿ ಬಾಳ ಐತಿ ತಡೀಬೇ, ಅಂತ ನಾನ ಹೇಳಿದ್ದೆ. ತಿರುವಿ ಹಾಕ್ರಿ ಮೇಡಂ ಅದನ್ನ. ಬಾರದವರು ಮೊದಲ ಹೋಗ್ಲಿ."

ವೃಂದಾ ಹಾಗೆಯೇ ಮಾಡಿದರು. ಸೂಚ್ಯಂಕ ಕಡಿಮೆ ಇದ್ದವರ ಪಟ್ಟಿ ಬಾಗಿಲು ದಾಟುತ್ತಿದ್ದಂತೆಯೇ ಹಸಿರಾಗತೊಡಗಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತೇನೋ. ಆದರೆ ಬೆಲ್ಲದರ ಮನಸ್ಸು ತುಂಬಿತ್ತು. ತಾಯಿಯ ನೆನಪಿಗೆಂದು ಹೆಬ್ಬಾಗಿಲಿನಲ್ಲಿ ಒಂದು ಫಲಕ ಹಾಕಿಸಿದರು: 'ಇನ್ನು ಬರಲಾಗದವರಿಗೆ ಇಲ್ಲಿ ಮೊದಲ ಪಾಳಿ'. ಪತ್ರಿಕೆಯವರು ಬಂದು ಯಂತ್ರ ಅದನ್ನು ಹೇಗೆ ತಿಳಿಯುತ್ತದೆಂದು ಕೇಳಿದಾಗ ಬಿಡಿಸಿ ಹೇಳಿದರು. ಒಳ್ಳೆಯ ಕೆಲಸವನ್ನು ನಾಲ್ಕು ಜನ ತಿಳಿಯಲಿ ಎಂದೇ ವೃಂದಾಗೂ ಅನಿಸಿತ್ತು.

ಮರುವಾರ ನವಲಗುಂದದ ಒಬ್ಬ ಮಾಸ್ತರರು ಮೊಮ್ಮಕ್ಕಳ ಜೊತೆ ಬಂದರು. ಒಳಗೆ ಕಾಲಿಟ್ಟೊಡನೆ ಅವರ ಪಟ್ಟಿ ಹಸಿರಾಯಿತು. ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ನೀರು ಕೊಟ್ಟ ಹುಡುಗಿ, ಪರದೇಶಕ್ಕೆ ಹೊರಟವರಿಗೂ ಹೀಗೆ ಹಸಿರು ಬರುತ್ತದೆ ಅಜ್ಜಾ ಎಂದು ಧೈರ್ಯ ಹೇಳಿದಳು. ತಾನು ಗದಗ ದಾಟಿದವನಲ್ಲವಲ್ಲ ತಂಗಿ ಎಂದು ಅವರು ಮೆಲ್ಲಗೆ ಹೇಳಿ, ಮೊಮ್ಮಕ್ಕಳನ್ನು ಕರೆದುಕೊಂಡು ಹೊರಟುಹೋದರು.

ಆಮೇಲೆ ಹಸಿರು ಎಂದರೆ ಜನ ಬೆವರತೊಡಗಿದರು. ತಮ್ಮ ಬಣ್ಣ ತಮಗೆ ಕಾಣಬಾರದೆಂದು ಕರವಸ್ತ್ರ ಸುತ್ತಿಕೊಂಡರು. ಸೆರಗಿನೊಳಗೆ ಕೈ ಎಳೆದುಕೊಂಡರು. ಕೈ ಮುಚ್ಚಿದವರು ಪಾಳಿ ತಿಳಿಯುವುದು ಹೇಗೆ? ಒಬ್ಬರ ಹಿಂದೊಬ್ಬರು ನಿಂತರು. ಬಾಗಿಲು ಕಾಯುವವರೂ ಯಂತ್ರವನ್ನು ಲೆಕ್ಕಿಸದೆ, ನಿಂತವರನ್ನು ನಿಂತಂತೆಯೇ ಬಿಡತೊಡಗಿದರು. ಸಾಲನ್ನು ಅಳಿಸಲು ಹುಟ್ಟಿದ ಯಂತ್ರದ ಎದುರಿನಲ್ಲೇ ಹಳೆಯ ಸಾಲು, ಹಳೆಯ ಬಿಸಿಲು ಮತ್ತೆ ಬಂದವು. ಬರುವವರ ಸಂಖ್ಯೆ ಮತ್ತೆ ಇಳಿಯತೊಡಗಿತು.

ಎರಡನೆಯ ಶನಿವಾರ ವಾರಗಿತ್ತಿಯರು ಬಂದರು. ಅವರು ಕೈ ಮುಚ್ಚಿಕೊಂಡಿರಲಿಲ್ಲ. ಶಿಲ್ಪಾಳ ಮಣಿಕಟ್ಟಿನಲ್ಲಿ ಪಟ್ಟಿ ಎಳೆ ಹುಲ್ಲಿನಂತೆ ಹೊಳೆಯಿತು. ಸುಮಂಗಲಾ ಅದನ್ನು ನೋಡಿದಳು, ಫಲಕವನ್ನು ಇನ್ನೊಮ್ಮೆ ಓದಿದಳು, ತಂಗಿಯನ್ನು ಕರೆದುಕೊಂಡು ನೇರ ವೃಂದಾರ ಕೋಣೆಗೆ ಬಂದಳು.

"ನಮ್ಮದು ಜೋಡಿ ಪಾಸು" ಎಂದಳು. "ಇಬ್ಬರೊಳಗ ಯಾರು ಅಂತ ಹೇಳ್ರಿ. ನಾನ ಇರಬೇಕಲ್ಲ?"

ವೃಂದಾ ಪರದೆಯತ್ತ ತಿರುಗಿದರು. ಪಾಸು ಒಂದೇ ಆದರೂ ಹೆಜ್ಜೆಗಳು ಎರಡು.

"ಅದ್ಹೆಂಗ ನೀನ ಆಗ್ತಿ?" ಎಂದಳು ಶಿಲ್ಪಾ. "ಅಕ್ಕಾ, ಎಲ್ಲಾದರಾಗೂ ನೀನ ಮೊದಲ. ಹೋಳಿಗಿ ಹರಿಯೂದು ನೀನ, ಕಿಡಕಿ ಕಡೆ ಕೂಡಾಕಿ ನೀನ. ಇದೊಂದರ ನನಗ ಬಿಡು."

"ಆ ಮನಿ ಹೊಸ್ತಿಲಾ ಮೊದಲ ತುಳದಾಕಿ ನಾನು. ನೀ ನನ್ನ ಹಿಂದ ಬಂದಾಕಿ. ಪಾಳಿ ನಂದು. ನಡಬರಕ ನುಗ್ಗಬ್ಯಾಡ."

ಅಕ್ಕನ ದನಿ ಕಡೆಯ ಮಾತಿಗೆ ಒಡೆಯಿತು. ವೃಂದಾ ಪರದೆಯಿಂದ ತಲೆಯೆತ್ತಿದರು. ಇನ್ನು ಬಾರದ ಹೆಜ್ಜೆ ಕಿರಿಯಳದು. ಅಕ್ಕನ ಬೆನ್ನ ಹಿಂದೆ ನಿಂತಿದ್ದ ಶಿಲ್ಪಾ ವೃಂದಾರನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಆಸ್ಪತ್ರೆಯವರು ಹೇಳಬೇಕಾದದ್ದನ್ನು ಅವಳಿಗೆ ಆಗಲೇ ಹೇಳಿದ್ದಾರೆ, ಅವಳು ಅದನ್ನು ಅಕ್ಕನಿಂದ ಮುಚ್ಚಿಟ್ಟಿದ್ದಾಳೆ ಎಂದು ವೃಂದಾಗೆ ಅರ್ಥವಾಯಿತು.

"ನಿಮ್ಮ ಪಟ್ಟಿ ಕೆಟ್ಟಿದೆ ಅಮ್ಮ" ಎಂದರು. "ಈ ಹಸಿರು ಸುಳ್ಳು. ಇಬ್ಬರಿಗೂ ಏನೂ ಇಲ್ಲ."

ಸುಮಂಗಲಾ ಕುರ್ಚಿ ಹಿಡಿದುಕೊಂಡು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಚೀಲದಿಂದ ಎರಡು ಹೋಳಿಗೆ ತೆಗೆದು ವೃಂದಾರ ಮೇಜಿನ ಮೇಲಿಟ್ಟಳು. ಆಮೇಲೆ ಹುರುಪಿನಿಂದ ಎದ್ದಳು.

"ಹಂಗಾರ ನಡಿ ಶಿಲ್ಪಾ, ಹಿಂದ ಹೋಗಿ ನಿಂದ್ರೂಣು. ಸುಳ್ಳ ಹಸಿರ ತೋರಿಸಿ ಮಂದಿ ಪಾಳಿ ಕಸಗೋಬಾರದು."

ಅದನ್ನು ವೃಂದಾ ಯೋಚಿಸಿರಲಿಲ್ಲ. ಅವರ ಹಿಂದೆಯೇ ಹೊರಗೆ ಬಂದರು. ಸಾಲು ತೊಟ್ಟಿಲಿನಿಂದ ನೀರಿನ ಕಾರಂಜಿಯವರೆಗೆ ಬೆಳೆದಿತ್ತು. ಇಬ್ಬರೂ ಅದರ ತುದಿಯಲ್ಲಿ ನಿಂತರು. ಶಿಲ್ಪಾಳ ಕೈಯ ಹಸಿರನ್ನು ಕಂಡ ಒಬ್ಬ ತಂದೆ, ಮಗುವನ್ನು ಹೆಗಲಿನಿಂದಿಳಿಸಿ, ಮುಂದೆ ಹೋಗ್ರಿ ಅವ್ವಾರ ಎಂದು ಜಾಗ ಬಿಟ್ಟ. ಅವನ ಮುಂದಿನವರೂ ಸರಿದರು. ಸಾಲು ಎರಡಾಗಿ ಸೀಳಿ, ತೊಟ್ಟಿಲಿನ ಬಾಗಿಲಿನವರೆಗೂ ದಾರಿ ತೆರೆದುಕೊಂಡಿತು. ಸುಮಂಗಲಾ ನಗುತ್ತ ಕೈಯಾಡಿಸಿದಳು. ಪಟ್ಟಿ ಕೆಟ್ಟೈತ್ರಿ, ಮೇಡಂನ ಹೇಳ್ಯಾರ, ನಮಗೇನೂ ಅವಸರ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದಳು. ಜನ ನಿಟ್ಟುಸಿರು ಬಿಟ್ಟು ಮತ್ತೆ ಕೂಡಿಕೊಂಡರು.

ಶಿಲ್ಪಾ ಅಕ್ಕನ ಪಕ್ಕದಲ್ಲೇ ನಿಂತಳು. ಮುಂದೆ ಹೋಗೋಣ ಎಂದರೆ ಎಲ್ಲವನ್ನೂ ಹೇಳಿದಂತೆ. ವೃಂದಾಗೂ ಅದೇ ಕಟ್ಟು. ನೀವು ಮೊದಲು ಹೋಗಿ ಎಂದರೆ ತಾವು ಹೇಳಿದ ಸುಳ್ಳೇ ಬಯಲಾಗುತ್ತಿತ್ತು. ಅವರು ಒಂದು ಕುರ್ಚಿ ತರಿಸಿ ಶಿಲ್ಪಾಳ ಪಕ್ಕ ಇಡಿಸಿದರು. ಅಷ್ಟು ಮಾತ್ರ ಸಾಧ್ಯವಾಯಿತು. ಕುರ್ಚಿಯಲ್ಲಿ ಶಿಲ್ಪಾ ಸುಮಂಗಲಾಳನ್ನು ಕೂರಿಸಿದಳು.

ಸಾಲು ಸರಿಯುತ್ತ ಸರಿಯುತ್ತ ಅವರು ಬಾಗಿಲಿನ ಹತ್ತಿರ ಬಂದಾಗ ಬಡಗಣ ದಿಕ್ಕಿನಿಂದ ಗಾಳಿ ಎದ್ದಿತು. ತೊಟ್ಟಿಲುಗಳು ಒಂದಕ್ಕೊಂದು ತಾಗುವಂತೆ ಓಲಾಡಿದವು. ಗಾಳಿ ಇದ್ದಾಗ ತಿರುಗಿಸಬಾರದೆಂಬುದು ನಿಯಮ. ಮೇಲಿದ್ದವರನ್ನು ಇಳಿಸಿ ಆ ದಿನದ ಆಟ ಮುಗಿಸಿದರು.

"ಇರ್ಲಿ ಬಿಡಕ್ಕ" ಎಂದಳು ಶಿಲ್ಪಾ. "ಮುಂದಿನ ತಿಂಗಳ ಲಗೂನ ಬರೂಣು." ಹೋಗುವಾಗ ಅವಳು ತಲೆಯೆತ್ತಿ ನಿಂತ ತೊಟ್ಟಿಲನ್ನು ಒಮ್ಮೆ ನೋಡಿದಳು.

ಬಹಳ ತಿಂಗಳು ಅವರಿಬ್ಬರೂ ಬರಲಿಲ್ಲ. ಅಷ್ಟರಲ್ಲಿ ಬೆಲ್ಲದ ಫಲಕವನ್ನು ತೆಗೆಸಿದ್ದರು. ಯಂತ್ರ ಮಾತ್ರ ತಿರುವಿಹಾಕಿದಂತೆಯೇ ಇತ್ತು; ಮೊದಲಿನಂತೆ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಜನ ಮೆಲ್ಲಮೆಲ್ಲಗೆ ಮರೆತು, ಕರವಸ್ತ್ರ ಬಿಚ್ಚಿ, ಮತ್ತೆ ಬೆಂಚುಗಳ ಮೇಲೆ ಕೂರತೊಡಗಿದ್ದರು.

ಒಂದು ಎರಡನೆಯ ಶನಿವಾರ ಮಧ್ಯಾಹ್ನ ವೃಂದಾ ಬೇವಿನ ಮರದ ಹತ್ತಿರ ಸುಮಂಗಲಾಳನ್ನು ಕಂಡರು. ಒಬ್ಬಳೇ ಇದ್ದಳು. ಪಟ್ಟಿ ಈಗ ಅವಳ ಕೈಯಲ್ಲೇ ಇತ್ತು. ಅದರ ಕೆಳಗಿನ ಚರ್ಮವನ್ನು ಆಗಾಗ ಕೆರೆದುಕೊಳ್ಳುತ್ತಿದ್ದಳು. ಪಟ್ಟಿ ಕೆಂಪಗಿತ್ತು. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಹಾಗೇ ಇದೆಯೆಂದು ಕಾವಲಿನವರು ಹೇಳಿದರು. ವೃಂದಾ ಕೋಣೆಗೆ ಹೋಗಿ ನೋಡಿ ಬಂದರು. ಗಟ್ಟಿ ಹೆಜ್ಜೆ, ಸಮನಾದ ಹೆಜ್ಜೆ. ಆ ದಿನ ಬಂದವರಲ್ಲೆಲ್ಲ ಮತ್ತೆ ಬರುವ ಸಂಭವ ಅವಳದೇ ಹೆಚ್ಚು. ಅವಳ ಪಾಳಿ ಎಲ್ಲರಿಗಿಂತ ಹಿಂದೆ.

"ನಾನು ಕೈಯಿಂದಲೇ ಹಸಿರು ಮಾಡಿಕೊಡುತ್ತೇನೆ ಅಮ್ಮ" ಎಂದರು.

"ಬ್ಯಾಡ್ರಿ. ಮ್ಯಾಲ ಹೋಗಿ ಏನ ಮಾಡ್ಲಿ? ಕಣ್ಣ ತಗದು ನೋಡಾಕ ನನಗ ಧೈರ್ಯ ಇಲ್ಲ." ಸುಮಂಗಲಾ ತೊಟ್ಟಿಲಿನ ಕಡೆ ನೋಡದೆ ಹೇಳಿದಳು. "ಅವತ್ತ ಪಟ್ಟಿ ಕೆಟ್ಟಿರಲಿಲ್ಲ. ಅಲ್ಲೇನ್ರಿ?"

ವೃಂದಾ ತಲೆ ತಗ್ಗಿಸಿದರು. "ಕೆಟ್ಟಿರಲಿಲ್ಲ."

"ಅಕಿನ ಹೇಳಬ್ಯಾಡ ಅಂದಿರಬೇಕು. ಗೊತ್ತೈತಿ ನನಗ ಅಕಿ ಬುದ್ಧಿ. ಮ್ಯಾಲ ಕುಂತು ಎಷ್ಟ ಸುಳ್ಳ ಹೇಳ್ಯಾಳ ನನಗ." ಅವಳು ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿದಳು. "ಇವತ್ತರ ಖರೇ ಹೇಳ್ರಿ. ನನಗ ಬಾಳ ತಡ ಐತೇನು?"

ಈ ಸಲ ವೃಂದಾಗೆ ಸುಳ್ಳು ಹೇಳಲಾಗಲಿಲ್ಲ.

"ಹೌದಮ್ಮ" ಎಂದರು. "ಬಹಳ ತಡ ಇದೆ."

ಸುಮಂಗಲಾ ತಲೆಯಾಡಿಸಿದಳು. ಪಕ್ಕದಲ್ಲಿಟ್ಟಿದ್ದ ಹೋಳಿಗೆಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಿಸಿಲಲ್ಲಿ ನಿಂತಿದ್ದ ವೃಂದಾಗೆ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.