ಮುನ್ನೂರಕ್ಕೆ ಐದು ಕಡಿಮೆ

"ಮುನ್ನೂರ ನಾಲ್ಕು!" ಎಂದ ಕೋರ್ನೆಲ್.

ಹನ್ನೆರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ತೆಗೆದ ಲೆಕ್ಕ. ಇಬೋಯಾ ಕುಣಿಯದಿದ್ದರೂ ಕೊನೇಪಕ್ಷ ನಗುತ್ತಾಳೆ ಎಂದುಕೊಂಡಿದ್ದ. ಅವಳು ಚೀಲವನ್ನು ಲೈಬ್ರರಿಯ ಮೇಜಿನ ಮೇಲೆ ಧೊಪ್ಪೆಂದು ಹಾಕಿ, ಕುರ್ಚಿಯಲ್ಲಿ ಕುಸಿದು, "ಕಾಫಿ ಇದ್ಯಾ?" ಎಂದಳು.

ಮಾತ್ರಾ ಬೆಟ್ಟದ ದೂರದರ್ಶಕದ ಬಳಿ ಐದು ರಾತ್ರಿ ಕಳೆದು, ಬಸ್ಸು ಹಿಡಿದು ನೇರ ಬುಡಾಪೆಸ್ಟಿಗೆ ಬಂದಿದ್ದಳು. ಕಣ್ಣು ಕೆಂಪಗಿದ್ದವು. ಐವತ್ತಮೂರನೇ ವಯಸ್ಸಿಗೆ ಅಷ್ಟು ನಿದ್ದೆಗೆಡುವುದು ಹುಡುಗಾಟವೇ? ಕಿವಿಯ ಹಿಂದೆ ಸಿಕ್ಕಿಸಿದ ನರೆಗೂದಲು ಜಾರಿ ಮತ್ತೆ ಕೆನ್ನೆಗೆ ಬಿತ್ತು. ಕೋರ್ನೆಲ್ ಅದನ್ನೇ ನೋಡಿದ. ಅವಳು ನೋಡಿದಾಗ ಪಟ್ಟಿಯನ್ನು ನೋಡಿದ.

"ಮುನ್ನೂರು ಇದ್ರೆ ಸಾಕಿತ್ತು, ನಾಲ್ಕು ಹೆಚ್ಚೇ ಸಿಕ್ಕಿದೆ. ಏನಾದ್ರೂ ಅನ್ರೀ!"

"ಸುಸ್ತಾಗಿದೆ ಬೊದ್ನಾರ್ ಅವರೇ. ಸಂತೋಷ ಪಡೋಕೂ ತ್ರಾಣ ಬೇಕು."

ಇಬೋಯಾ ವಾದಾಶ್ ಇಪ್ಪತ್ತೇಳು ವರ್ಷದಿಂದ ನೋಡುತ್ತಿದ್ದದ್ದು ಬೆಳಕು ಏರಿ ಇಳಿಯುವ ನಕ್ಷತ್ರಗಳನ್ನು. ಪಿಎಚ್.ಡಿ.ಗಿಂತ ಮೇಲಿನದಾದ, ವಿಜ್ಞಾನ ಅಕಾಡೆಮಿಯ ಡಾಕ್ಟರ್ ಪದವಿಗೆ ಅರ್ಜಿ ಹಾಕಬೇಕಾದರೆ ಅವಳ ಪ್ರಬಂಧಗಳನ್ನು ಬೇರೆಯವರು ತಮ್ಮ ಬರಹಗಳಲ್ಲಿ ಕನಿಷ್ಠ ಮುನ್ನೂರು ಸಲ ಉಲ್ಲೇಖಿಸಿರಬೇಕು. ಅದೂ ಸ್ವತಂತ್ರ ಉಲ್ಲೇಖ. ಪ್ರಬಂಧ ಬರೆದವರಲ್ಲಿ ಒಬ್ಬರು ಅದೇ ಪ್ರಬಂಧವನ್ನು ಉಲ್ಲೇಖಿಸಿದರೆ ಅದು ಲೆಕ್ಕಕ್ಕಿಲ್ಲ. ಅದಕ್ಕೆ 'ಒಳಗಿನದು' ಎಂಬ ಗುರುತು ಬೀಳುತ್ತದೆ. ಒಂದು ಕಡಿಮೆ ಬಿದ್ದರೂ ಅರ್ಜಿ ವಾಪಸ್ಸು. ಎರಡು ಸಲ ಹಾಗೆ ವಾಪಸ್ಸಾಗಿತ್ತು. ಈ ಸಲ ಬುಧವಾರ ಮಧ್ಯಾಹ್ನ ಕೊನೆಯ ಗಡುವು. ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು.

ಆ ಉಲ್ಲೇಖಗಳನ್ನು ಹುಡುಕಿ ದಾಖಲಿಸುವುದು ಖಗೋಳ ಸಂಸ್ಥೆಯ ಲೈಬ್ರರಿಯನ್ ಕೋರ್ನೆಲ್ ಬೊದ್ನಾರನ ಕೆಲಸ. ಉಳಿದ ವಿಜ್ಞಾನಿಗಳಿಗೆ ವರ್ಷಕ್ಕೊಮ್ಮೆ ಪಟ್ಟಿ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಇಬೋಯಾಳದು ಒಂದು ಸಿಕ್ಕರೂ ಸಾಕು, ಚೀಟಿ ಹಿಡಿದು ಮೂರು ಮಹಡಿ ಹತ್ತುತ್ತಿದ್ದ. "ತಾಷ್ಕೆಂಟಿನಲ್ಲಿ ಒಬ್ಬರು ನಿಮ್ಮನ್ನ ಓದಿದಾರೆ," "ಚಿಲಿಯಲ್ಲಿ ಇಬ್ಬರು ಓದಿದಾರೆ" ಎನ್ನುತ್ತಿದ್ದ. ಮಂಡಿ ನೋವು ಶುರುವಾದ ಮೇಲೂ ಲಿಫ್ಟ್ ಹತ್ತಲಿಲ್ಲ. ಲಿಫ್ಟಿನಲ್ಲಿ ಬೇಗ ತಲುಪಿಬಿಡುತ್ತಾರಲ್ಲ, ಏನು ಹೇಳಬೇಕೆಂದು ಯೋಚಿಸಲು ಸಮಯವೇ ಸಿಗುತ್ತಿರಲಿಲ್ಲ.

ಇಬೋಯಾ ಕಾಫಿ ಹೀರುತ್ತ ಪಟ್ಟಿಯನ್ನು ಎಳೆದುಕೊಂಡಳು. ಐದನೇ ಪುಟದಲ್ಲಿ ಬೆರಳು ನಿಂತಿತು.

"ಯಾರ್ರೀ ಇದು, ಬೊದ್ನಾರ್ ಕೆ.? ಹವ್ಯಾಸಿಗಳ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ನನ್ನ ಹೆಸರು ಬರೀತಿದಾರೆ."

"ಯಾರೋ ಒಬ್ಬ ಲೈಬ್ರರಿಯನ್ನು. ಹಳೇ ವೀಕ್ಷಕರ ಬಗ್ಗೆ ಸಣ್ಣಪುಟ್ಟ ಲೇಖನ ಬರೀತಾನೆ."

"ಒಂಬತ್ತು ಸಲ! ಪಾಪ, ಅವರಿಗೆ ಬೇರೆ ಯಾರ ಪ್ರಬಂಧವೂ ಸಿಗ್ಲಿಲ್ವಾ?" ಅವಳ ತುಟಿಯ ಒಂದು ತುದಿ ಮೇಲೆದ್ದಿತು. ಕೋರ್ನೆಲ್‌ನ ಕಿವಿ ಬಿಸಿಯಾಯಿತು.

"ಅವನಿಗೆ ಬೇರೆಯವರದು ಓದೋ ಆಸೆ ಇಲ್ಲ," ಎಂದುಬಿಟ್ಟ.

ಅವಳು ಅವನನ್ನು ನೋಡಿದಳು, ಇನ್ನೇನು ನಕ್ಕೇಬಿಡುತ್ತಾಳೆ ಎನ್ನುವ ಹಾಗೆ. ಆಮೇಲೆ ಆ ಒಂಬತ್ತು ಉಲ್ಲೇಖಗಳೂ ಯಾವ ಪ್ರಬಂಧದ್ದು ಎಂದು ನೋಡಿದಳು. ನಗು ಹಾಗೇ ಆರಿತು.

"ಎಲ್ಲಾ ನಮ್ಮ ನಕ್ಷತ್ರಪಟ್ಟಿದು."

"ನಿಮ್ಮ ನಕ್ಷತ್ರಪಟ್ಟಿದು," ಎಂದು ಅವನು ತಿದ್ದಿದ.

ಅವಳು ಲೋಟ ಕೆಳಗಿಟ್ಟಳು. "ಹನ್ನೊಂದು ವರ್ಷದ ಹಿಂದೆ ಅದರ ಮೇಲೆ ಎರಡು ಹೆಸರಿದ್ವು. ನಾನೇ ಬರೆದಿದ್ದೆ. ಕರಡು ತಿದ್ದೋಕೆ ಕೊಟ್ಟಾಗ ನೀವು ನಿಮ್ಮ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು ವಾಪಸ್ ಕೊಟ್ರಿ. ಇದಕ್ಕಾ?"

"ಮತ್ತೆ? ನನ್ನ ಹೆಸರಿದ್ರೆ ಈ ಒಂಬತ್ತೂ ಒಳಗಿನದಾಗ್ತಿತ್ತು. ಈಗ ಉಪಯೋಗಕ್ಕೆ ಬಂತಲ್ಲ," ಎಂದ ಕೋರ್ನೆಲ್ ಬೀಗುತ್ತ. ದಡ್ಡ, ಶಹಬ್ಬಾಸ್ ಸಿಗುತ್ತದೆಂದು ಕಾದಿದ್ದ.

ಇಬೋಯಾ ಚೀಲ ಹೆಗಲಿಗೇರಿಸಿ ಹೊರಟೇಹೋದಳು. ಕಾಫಿ ಅರ್ಧ ಹಾಗೇ ಉಳಿದಿತ್ತು.

ಆ ನಕ್ಷತ್ರಪಟ್ಟಿ ಮೂರು ಚಳಿಗಾಲದ ಕೆಲಸ. ನೆಲಮಾಳಿಗೆಯಲ್ಲಿ ಇಬ್ಬರೂ ಕೋಟು ಹಾಕಿಕೊಂಡೇ ಕೂತು, ನೂರು ವರ್ಷದ ಹಿಂದಿನ ವೀಕ್ಷಕರ ಕೈಬರಹದ ಪುಸ್ತಕಗಳನ್ನು ಬಿಡಿಸಿ ಓದಿದ್ದರು. ಒಬ್ಬ ಮುದುಕನ ಲೆಕ್ಕ ಮಾತ್ರ ಏನು ಮಾಡಿದರೂ ಹೊಂದುತ್ತಿರಲಿಲ್ಲ. ಅವನ ಒಂದು ಪುಟದ ಅಂಚಿನಲ್ಲಿ 'ಬೆಳಗಿನ ಜಾವ ಮೂರಕ್ಕೆ ಹಿಮ ಶುರು' ಎಂದಿತ್ತು. ಕೋರ್ನೆಲ್ ಹಳೆಯ ಪತ್ರಿಕೆ ತೆಗೆದು ನೋಡಿದ. ಹಿಮ ಬಿದ್ದದ್ದು ಮಾರನೇ ತಾರೀಖು.

ಆಗ ಗುಟ್ಟು ಬಯಲಾಯಿತು. ಹಿಂದೆಲ್ಲ ಖಗೋಳದವರಿಗೆ ದಿನ ಶುರುವಾಗುತ್ತಿದ್ದದ್ದು ನಡುಮಧ್ಯಾಹ್ನ, ಒಂದು ರಾತ್ರಿಯ ಕೆಲಸ ಎರಡು ತಾರೀಖಿಗೆ ಹಂಚಿಹೋಗಬಾರದೆಂದು. ಆಮೇಲೆ ಲೋಕವೆಲ್ಲ ನಡುರಾತ್ರಿಯ ಲೆಕ್ಕಕ್ಕೆ ಬಂದರೂ ಈ ಹಟಮಾರಿ ಇನ್ನೂ ಹದಿನಾಲ್ಕು ವರ್ಷ ಹಳೆಯದನ್ನೇ ಹಿಡಿದು ಕೂತಿದ್ದ. ನಡುರಾತ್ರಿಯಾಚೆಗೆ ಅವನು ಬರೆದದ್ದೆಲ್ಲ ಒಂದು ದಿನ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಿದ್ದೇ ತಡ, ಮೂರು ತಿಂಗಳಿಂದ ಮುನಿಸಿಕೊಂಡಿದ್ದ ನಕ್ಷತ್ರಗಳೆಲ್ಲ ಒಂದೇ ಸಂಜೆಗೆ ಸಾಲಾಗಿ ನಿಂತವು. ಇಬೋಯಾ ಅಂದು ಕೋರ್ನೆಲ್‌ನ ಎರಡೂ ಕೈ ಹಿಡಿದುಕೊಂಡಿದ್ದಳು. ತಣ್ಣಗಿನ ಬೆರಳುಗಳು, ಶಾಯಿಯ ಕಲೆ. ಬಿಟ್ಟ ಮೇಲೆ ಅವನು ಬೀರು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಹೋಗಿದ್ದ.

ಮಂಗಳವಾರ ಮಧ್ಯಾಹ್ನ ಗೇಟು ಕಾಯುವ ಎತೆಲ್ಕಾ ಅಜ್ಜಿ ಒಂದು ಲಕೋಟೆಯನ್ನೂ ಒಂದು ತಟ್ಟೆ ಉಪ್ಪು ಪೊಗಾಚಾ ಬನ್ನುಗಳನ್ನೂ ತಂದು ಅವನ ಮುಂದೆ ಕುಕ್ಕಿದಳು.

"ತಗೋ. ಡಾಕ್ಟರಮ್ಮ ಕೊಟ್ಟಿದ್ದು. ಏನಪ್ಪಾ ಮಾಡಿದೆ ಅವಳಿಗೆ? ಮುಖ ಊದಿಕೊಂಡಿತ್ತು."

"ಒಳ್ಳೇದೇ ಮಾಡಿದೀನಿ ಅಜ್ಜಿ."

"ಹೂಂ, ಅದೇ ಅನ್ಕೊಂಡೆ. ನನ್ನ ಗಂಡನೂ ಬರೀ ಒಳ್ಳೇದೇ ಮಾಡ್ತಿದ್ದ, ಪುಣ್ಯಾತ್ಮ. ಅವನ ಹತ್ರ ಮೂರು ವರ್ಷ ಮಾತು ಬಿಟ್ಟಿದ್ದೆ. ತಿನ್ನು, ಬಿಸಿ ಇದೆ."

ಲಕೋಟೆಯಲ್ಲಿದ್ದದ್ದು ನಕ್ಷತ್ರಪಟ್ಟಿಯನ್ನು ಪ್ರಕಟಿಸಿದ ಪತ್ರಿಕೆಗೆ ಬರೆದ ತಿದ್ದುಪಡಿ. 'ಲೇಖಕರು: ವಾದಾಶ್ ಇಬೋಯಾ, ಬೊದ್ನಾರ್ ಕೋರ್ನೆಲ್.' ಕೆಳಗೆ ಅವಳ ಸಹಿ. ಸೇರ್ಪಡೆಯಾಗುವ ಲೇಖಕನ ಸಹಿಗೆ ಖಾಲಿ ಜಾಗ. ಕೋರ್ನೆಲ್ ಸಹಿ ಹಾಕಿದರೆ ಒಂಬತ್ತೂ ಹೋಯಿತು. ಇನ್ನೂರ ತೊಂಬತ್ತೈದು.

ಇಬೋಯಾ ಸಂಸ್ಥೆಯ ಗುಡ್ಡದ ಇಳಿಜಾರಿನಲ್ಲಿ, ಗುಡ್ಡ ಹತ್ತುವ ಹಲ್ಲುಗಾಲಿ ರೈಲಿನ ನಿಲ್ದಾಣದಲ್ಲಿ, ಲಿಂಡನ್ ಮರದ ಕೆಳಗಿನ ಬೆಂಚಿನಲ್ಲಿ ಕೂತಿದ್ದಳು. ಅವನು ಏದುಸಿರು ಬಿಡುತ್ತ ಬಂದ.

"ತಲೆ ಕೆಟ್ಟಿದ್ಯೇನ್ರೀ ನಿಮಗೆ? ನಾಳೆ ಗಡುವು! ಇಪ್ಪತ್ತೇಳು ವರ್ಷದ ದುಡಿಮೆ!"

"ಕೂಗಬೇಡಿ. ತಲೆ ನೋಯ್ತಿದೆ."

"ಸರಿ, ಸಹಿ ಹಾಕ್ತೀನಿ. ಗುರುವಾರ ಹಾಕ್ತೀನಿ. ಅರ್ಜಿ ಹೋಗಲಿ ಮೊದಲು."

"ಬುಧವಾರ ಸುಳ್ಳಿಗೆ ಸಹಿ, ಗುರುವಾರ ನಿಜಕ್ಕಾ?" ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಎಲ್ಲಾ ಸ್ವತಂತ್ರ ಅಂತ ನಾನು ಬರೆದುಕೊಡಬೇಕು. ಆ ಮುದುಕನ ತಾರೀಖು ಹಿಡಿದವರು ಯಾರು? ನಾನಾ?"

ಕೋರ್ನೆಲ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. "ನಿಮ್ಮ ಒಳ್ಳೇದಕ್ಕೆ ಮಾಡಿದ್ದು."

"ನನ್ನ ಒಳ್ಳೇದೇನು ಅಂತ ನನ್ನ ಕೇಳಿದ್ರಾ? ಬೇರೆಯವರು ಉಂಗುರ ಕೊಡ್ತಾರೆ, ಹೂ ಕೊಡ್ತಾರೆ. ನನಗೆ ಅದೆಲ್ಲ ಎಲ್ಲಿ ಗೊತ್ತು? ರಾತ್ರಿಯೆಲ್ಲ ದುಡಿದು ಹಗಲು ಮಲಗೋಳು. ಎರಡು ಹೆಸರು ಪಕ್ಕಪಕ್ಕ ಬರೆದು ನಿಮ್ಮ ಕೈಗೆ ಕೊಟ್ಟೆ. ಮೂರು ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ ಗೊತ್ತಾ? ಗೀಟು ಎಳೆದು ಕೊಟ್ರಿ, ಅದೂ ಸ್ಕೇಲಿಟ್ಟು."

ಕೋರ್ನೆಲ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹನ್ನೊಂದು ವರ್ಷ! ತಾನು ತ್ಯಾಗ ಮಾಡಿದೆನೆಂದು ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದ. ಅವಳೋ ಅವನಿಗೆ ತಾನು ಬೇಡ ಎಂದುಕೊಂಡೇ ಅಷ್ಟೂ ದಿನ ಅವನು ತಂದ ಚೀಟಿಗಳಿಗೆ ಥ್ಯಾಂಕ್ಸ್ ಹೇಳುತ್ತ ಬಂದಿದ್ದಳು.

"ಬಲವಂತ ಏನಿಲ್ಲ," ಎಂದಳು ಇಬೋಯಾ. "ಬೇಡ ಅಂದ್ರೆ ಹರಿದು ಹಾಕಿ. ಒಂಬತ್ತನ್ನ ನಾನೇ ಪಟ್ಟಿಯಿಂದ ತೆಗೀತೀನಿ, ಪದವಿ ಹೇಗೂ ಹೋಯ್ತು. ಆದ್ರೆ ಇನ್ಮೇಲೆ ಚೀಟಿ ತಗೊಂಡು ಮೇಲೆ ಬರಬೇಡಿ. ಈ ವಯಸ್ಸಲ್ಲಿ ನನಗೆ ತಡಕೊಳ್ಳೋಕಾಗಲ್ಲ. ನಾಲ್ಕು ಗಂಟೆ ರೈಲಿಗೆ ಹೋಗ್ತೀನಿ."

ಕೋರ್ನೆಲ್ ಎದ್ದು ಗುಡ್ಡ ಹತ್ತಿದ. ಲೈಬ್ರರಿಯಲ್ಲಿ ಪಟ್ಟಿಯನ್ನು ತೆರೆದು ಬೊದ್ನಾರ್ ಕೆ.ಯ ಮೊದಲ ಲೇಖನಕ್ಕೆ ಬಂದ. ಅದನ್ನು ಬರೆದ ವಾರ ಅವಳಿಗೆ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಗೆ ಹೋಗಿ ಅವಳನ್ನು ನೋಡುವ ಧೈರ್ಯವಿಲ್ಲದೆ ಲೇಖನ ಬರೆದಿದ್ದ. 'ಒಳಗಿನದು' ಎಂದು ಗುರುತು ಹಾಕಿದ. ಎರಡನೆಯದಕ್ಕೂ ಹಾಕಿದ. ಒಂಬತ್ತು ಮುಗಿಯುವಷ್ಟರಲ್ಲಿ ಕನ್ನಡಕ ಎರಡು ಸಲ ಒರೆಸಬೇಕಾಯಿತು. ಅವಳ ಪದವಿಯನ್ನು ತನ್ನ ಕೈಯಾರೆ ಕಿತ್ತುಕೊಳ್ಳುತ್ತಿದ್ದ. ಆದರೂ ಕೈ ನಿಲ್ಲಲಿಲ್ಲ.

ಅವನು ಕೆಳಗೆ ಬಂದಾಗ ನಾಲ್ಕೂವರೆ. ನಾಲ್ಕರ ರೈಲು ಹೋಗಿತ್ತು. ಇಬೋಯಾ ಬೆಂಚಿನಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಆ ನರೆಗೂದಲು ಮತ್ತೆ ಕೆನ್ನೆಗೆ ಬಿದ್ದಿತ್ತು. ಕೋರ್ನೆಲ್ ಈ ಸಲ ಬೇರೆ ಕಡೆ ನೋಡಲಿಲ್ಲ. ಬೆರಳಿನಿಂದ ಮೆಲ್ಲಗೆ ಅದನ್ನು ಕಿವಿಯ ಹಿಂದೆ ಸರಿಸಿದ.

ಅವಳು ಕಣ್ಣು ಬಿಟ್ಟಳು. "ರೈಲು?"

"ಹೋಯ್ತು."

"ನೀವು?"

"ಇನ್ನೂರ ತೊಂಬತ್ತೈದು," ಎಂದು ಪಟ್ಟಿಯನ್ನು ಅವಳ ಮಡಿಲಿಗಿಟ್ಟ. "ಕ್ಷಮಿಸಿ. ಐದು ಕಡಿಮೆ."

ಅವಳು ಪಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. ಕಣ್ಣು ತುಂಬಿ ಬಂದರೂ ದನಿ ಮಾತ್ರ ಹುಸಿಮುನಿಸಿನದು. "ಇನ್ನು ಈ ನೀವು ಗೀವು ಸಾಕು ಕೋರ್ನೆಲ್. 'ನೀನು' ಅನ್ನೋಣ ಅಂತ ನಮ್ಮಲ್ಲಿ ಹೆಂಗಸು ತಾನೇ ಮೊದಲು ಹೇಳಬೇಕಾದ್ದು? ಹೇಳಿದೀನಿ. ಎಲ್ಲಿ, ಸಹಿ ಹಾಕಿದ್ಯಾ?"

"ಒಂದು ಸಾಲು ಬಾಕಿ ಇದೆ." ಅವನು ತಿದ್ದುಪಡಿಯ ಹಾಳೆ ತೋರಿಸಿದ. 'ಮೊದಲ ಪ್ರಕಟಣೆಯಲ್ಲಿ ಈ ಲೇಖಕರ ಹೆಸರು ಬಿಟ್ಟುಹೋಗಲು ಕಾರಣ' ಎಂದಿತ್ತು. ಅವಳು ಅಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಳು. "ವಿನಯ ಅಂತ ಬರೀಲಾ?"

"ಬರಿ. ಅಚ್ಚು ಜೋಡಿಸೋರೂ ನಗ್ತಾರೆ."

ಕೋರ್ನೆಲ್ ಪೆನ್ನಿನ ಮುಚ್ಚಳ ತೆಗೆದ. ಮುಂದಿನ ರೈಲು ಗುಡ್ಡ ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು. ಕಡೆಗೆ 'ಹೆದರಿಕೆ' ಎಂದು ಬರೆದು, ಅದರ ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿ, ಅವಳ ಕೈಗೆ ಕೊಟ್ಟ.

ಇಬೋಯಾ ಓದಿದಳು. ತುಂಬ ಹೊತ್ತು ಓದಿದಳು, ಒಂದೇ ಪದವನ್ನು. ಆಮೇಲೆ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಪದದ ಪಕ್ಕದಲ್ಲಿ 'ಇಬ್ಬರು ಲೇಖಕರದೂ' ಎಂದು ಸೇರಿಸಿದಳು.